ಮೀಸೆಯ ಹಿಂದಿನ ಮಾತು

ಸಂದರ್ಶನ ಅಂದರೆ ಎಲ್ಲರಿಗೂ ಪ್ರಶ್ನೆಗಳ ಭಯ. ಲಾಳಿಯಕ್ಕನಿಗೆ ಪ್ರಶ್ನೆ ಕೇಳುವವರ ಮೀಸೆಯ ಭಯ. ಮೇಜಿನ ಆಚೆ ಕೂತ ಸಾಹೇಬರಿಗೆ ದಪ್ಪ ಮೀಸೆಯೊಂದಿದ್ದು, ಅದು ಮೇಲ್ದುಟಿ ದಾಟಿ ಬಾಯೊಳಗೇ ಇಳಿದಿದ್ದರೆ ತನ್ನ ಕಥೆ ಮುಗಿಯಿತು ಅಂತ ಅವಳು ಒಳಗೊಳಗೇ ಒಣಗಿಹೋಗಿದ್ದಳು. ಇದನ್ನು ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿರಲಿಲ್ಲ. ಹೇಳಿದರೆ ಯಾಕೆ ಅಂತ ಕೇಳುತ್ತಾರೆ. ಆ ಯಾಕೆ ಅನ್ನುವುದೇ ಅವಳ ಗುಟ್ಟು. ಅವಳಿಗೆ ಕಿವಿ ಕೇಳುತ್ತಿರಲಿಲ್ಲ.

ಏನೂ ಕೇಳುತ್ತಿರಲಿಲ್ಲ ಅಂತಲ್ಲ. ಲಾರಿಯ ಗುಡುಗು, ಬಾಗಿಲು ಧಡಾರೆಂದು ಬಡಿದದ್ದು ಕೇಳುತ್ತಿತ್ತು. ಮನುಷ್ಯರ ಮಾತು ಮಾತ್ರ ಪಕ್ಕದ ಮನೆಯ ಗೊಣಗಾಟದ ಹಾಗೆ ಬಂದು ಮುಟ್ಟುತ್ತಿತ್ತು. ಆ ಗೊಣಗಾಟದೊಳಗಿಂದ ಮಾತನ್ನು ಹೆಕ್ಕಿ ತೆಗೆಯುತ್ತಿದ್ದದ್ದು ಅವಳ ಕಣ್ಣು. ಎದುರಿಗಿರುವವರ ತುಟಿ ಕಂಡರೆ ಸಾಕು, ಒಂದು ಮಾತೂ ತಪ್ಪುತ್ತಿರಲಿಲ್ಲ. ತೆಳುವಾದ ಸದ್ದುಗಳು, ಅಂದರೆ ಹಕ್ಕಿ, ಸೀಟಿ, ಫೋನು, ಮಗುವಿನ ಅಳು, ಇವು ಅವಳ ಪಾಲಿಗೆ ಯಾವತ್ತೋ ಸತ್ತುಹೋಗಿದ್ದವು.

ಇದೆಲ್ಲ ಬಟ್ಟೆ ಗಿರಣಿಯ ಕೊಡುಗೆ. ಮದುವೆಗೂ ಮುಂಚೆಯೇ ನೇಯ್ಗೆ ವಿಭಾಗಕ್ಕೆ ಸೇರಿದವಳು, ಗಿರಣಿ ಮುಚ್ಚುವವರೆಗೂ ಅಲ್ಲೇ ದುಡಿದಳು. ನೂಲು ಹೊತ್ತು ಅತ್ತಿತ್ತ ಹಾರುವ ಲಾಳಿಯ ಹಾಗೆ ಮಗ್ಗದಿಂದ ಮಗ್ಗಕ್ಕೆ ಓಡಾಡುತ್ತಾಳೆ ಅಂತ ಯಾರೋ ಇಟ್ಟ ಹೆಸರು ಬೀದಿಯವರೆಗೂ ಬಂತು. ಆ ನೂರಾರು ಮಗ್ಗಗಳ ಸದ್ದಿನಲ್ಲಿ ಪಕ್ಕದಲ್ಲಿ ನಿಂತು ಕೂಗಿದರೂ ಕೇಳುವುದಿಲ್ಲ. ಹಾಗಾಗಿ ಅಲ್ಲಿ ಯಾರೂ ಗಂಟಲು ಸವೆಸುತ್ತಿರಲಿಲ್ಲ. ದನಿ ತೆಗೆಯದೆ ಬರೀ ತುಟಿಯನ್ನು ಅಗಲವಾಗಿ ಆಡಿಸಿ ಮಾತಾಡುತ್ತಿದ್ದರು. ಜಗಳ, ತಮಾಷೆ, ಗಂಡು ಹೆಣ್ಣಿನ ಸಂಬಂಧ ಕುದುರಿಸುವುದು, ಎಲ್ಲವೂ ಹಾಗೇ. ಮೇಸ್ತ್ರಿಯ ಎದುರಿಗೇ ಮೇಸ್ತ್ರಿಯನ್ನು ಬಯ್ಯುವ ಸುಖ ಬೇರೆ ಯಾವ ಕೆಲಸದಲ್ಲಿ ಸಿಗುತ್ತದೆ ಹೇಳಿ.

ಗಿರಣಿ ಮುಚ್ಚಿದ ದಿನ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಹೆಂಗಸರು ಕಿವಿ ಮುಚ್ಚಿ ತೆರೆದು, "ಅಯ್ಯೋ, ಎಷ್ಟು ನಿಶ್ಶಬ್ದ!" ಅಂದರು. ಲಾಳಿಯಕ್ಕ ಅದನ್ನು ಅವರ ತುಟಿಯ ಮೇಲೆ ಓದಿದಳು. ಅವಳ ಕಿವಿಯೊಳಗೆ ಮಗ್ಗ ಇನ್ನೂ ಓಡುತ್ತಲೇ ಇತ್ತು. ಕಿವಿ ಮಂದವಾದದ್ದು ಎಷ್ಟೋ ವರ್ಷದ ಹಿಂದೆಯೇ ಗೊತ್ತಿತ್ತು, ಅದು ಇನ್ನು ವಾಪಸ್ಸು ಬರುವುದಿಲ್ಲ ಅಂತ ಗೊತ್ತಾದದ್ದು ಆವತ್ತು.

ಗಂಡನಿಗಾದರೂ ಹೇಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ತವರಿನಲ್ಲಿ ಅವಳಿಗೊಬ್ಬ ಸೋದರಮಾವ ಇದ್ದ. ಅವನಿಗೆ ಹೆಸರಿತ್ತು, ಆದರೆ ಎಲ್ಲರೂ ಕರೆಯುತ್ತಿದ್ದದ್ದು ಕೆಪ್ಪ ಅಂತ. ಮನೆಯ ಯಾವ ಮಾತಿಗೂ ಅವನನ್ನು ಸೇರಿಸುತ್ತಿರಲಿಲ್ಲ. ಅವನ ಮುಂದೆಯೇ ಅವನನ್ನು ಆಡಿಕೊಂಡು ನಗುತ್ತಿದ್ದರು, ಅವರು ನಕ್ಕಾಗ ಅವನೂ ಪಾಪ ನಗುತ್ತಿದ್ದ. ಚಿಕ್ಕವಳಾಗಿದ್ದಾಗ ಲಾಳಿಯಕ್ಕನೂ ನಕ್ಕಿದ್ದಳು. ಈಗ ಕನ್ನಡಿ ನೋಡಿದಾಗಲೆಲ್ಲ ಆ ಮಾವನ ನಗು ತನ್ನ ಮುಖಕ್ಕೆ ಬಂದು ಕೂತಿದೆಯೇನೋ ಅಂತ ಅವಳಿಗೆ ದಿಗಿಲಾಗುತ್ತಿತ್ತು.

ಗಂಡ ಬಸ್ ಡ್ರೈವರ್. ಬೀದಿಯಲ್ಲೂ ಡಿಪೋದಲ್ಲೂ ಅವನು ಮೀಸೆ ಡ್ರೈವರ್. ಆ ಮೀಸೆಗೆ ದಿನಾ ಎಣ್ಣೆ, ಬಾಚಣಿಗೆ, ಕನ್ನಡಿಯ ಮುಂದೆ ಒಂದು ಸುತ್ತು ತಿರುವುವ ಸೇವೆ ನಡೆಯುತ್ತಿತ್ತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿಯ ಮನುಷ್ಯ. ಅವನ ಮಾತೆಲ್ಲ ಆ ಮೀಸೆಯ ಹಿಂದೆ ಹುಟ್ಟಿ ಅಲ್ಲೇ ಸಾಯುತ್ತಿತ್ತು. ಲಾಳಿಯಕ್ಕ ಅವನ ಹುಬ್ಬು ನೋಡಿ, ಹೊತ್ತು ನೋಡಿ, ಇದು ಚಹಾದ ಮಾತು, ಇದು ಡಿಪೋದ ಮಾತು ಅಂತ ಅಂದಾಜು ಮಾಡಿ, ಕೋಲೆ ಬಸವನ ಹಾಗೆ ತಲೆ ಆಡಿಸುತ್ತಿದ್ದಳು. ಅವನು ಡಿಪೋದಲ್ಲಿ, "ನನ್ನ ಹೆಂಡ್ತಿ ಇವತ್ತಿನವರೆಗೂ ಒಂದು ಮಾತಿಗೆ ಎದುರು ಹೇಳಿದವಳಲ್ಲ ಕಣ್ರಯ್ಯಾ" ಅಂತ ಬೀಗುತ್ತಿದ್ದ. ಸಂಸಾರಗಳು ಹೇಗೆಲ್ಲ ನಡೆಯುತ್ತವೆ ನೋಡಿ.

ಗಿರಣಿ ಮುಚ್ಚಿದ ಮೇಲೆ ಮನೆ ಒಂಟಿಕಾಲಿನಲ್ಲಿ ಕುಂಟುತ್ತಿತ್ತು. ಗಂಡ ನಿವೃತ್ತನಾಗುವ ಕಾಲವೂ ಹತ್ತಿರವಾಗಿತ್ತು, ಮಗಳ ಓದು ಇನ್ನೂ ಬಾಕಿ ಇತ್ತು. ಆ ಮಗಳೇ ಯಾರನ್ನೂ ಕೇಳದೆ, ದೊಡ್ಡ ಕಚೇರಿಯೊಂದರ ಶಿಶುಪಾಲನಾ ಕೇಂದ್ರಕ್ಕೆ ಅಮ್ಮನ ಹೆಸರಿನಲ್ಲಿ ಅರ್ಜಿ ಹಾಕಿದ್ದಳು. ಒಂದು ಸಂಜೆ ಅಡುಗೆಮನೆಗೆ ಓಡಿಬಂದು, ಅಮ್ಮನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಚಿಕ್ಕಂದಿನಿಂದಲೂ ಅವಳು ಮಾತಾಡುವುದು ಹಾಗೆಯೇ. ಯಾಕೆ ಅಂತ ಅವಳಿಗೂ ಗೊತ್ತಿರಲಿಲ್ಲ.

"ಅಮ್ಮ, ಇಂಟರ್‌ವ್ಯೂಗೆ ಕರೆದಿದ್ದಾರೆ! ಮಕ್ಕಳನ್ನ ನೋಡ್ಕೊಳ್ಳೋ ಕೆಲಸ. ಮುಂದಿನ ವಾರ!"

ಲಾಳಿಯಕ್ಕ ಸೌಟು ಕೆಳಗಿಟ್ಟಳು. ಮಕ್ಕಳು. ಮಕ್ಕಳಿಗೆ ತುಟಿಯ ಮಾತಿಲ್ಲ. ಅವಕ್ಕಿರುವುದು ಅಳು ಒಂದೇ. ಅದನ್ನು ಹೇಳಬೇಕೆಂದು ಬಾಯಿ ತೆರೆದಳು, ಮಗಳ ಮುಖದ ಸಂಭ್ರಮ ನೋಡಿ ಮುಚ್ಚಿದಳು.

ಮರುದಿನದಿಂದ ತಾಲೀಮು ಶುರುವಾಯಿತು. ಮಗಳು ಮೂರು ಪ್ರಶ್ನೆ, ಮೂರು ಉತ್ತರ ಬಾಯಿಪಾಠ ಮಾಡಿಸಿದಳು. ಮೊದಲು ನಿಮ್ಮ ಬಗ್ಗೆ ಹೇಳಿ ಅಂತಾರೆ, ಆಮೇಲೆ ಮುಂಚೆ ಎಲ್ಲಿ ಕೆಲಸ ಮಾಡ್ತಿದ್ರಿ ಅಂತಾರೆ, ಕೊನೆಗೆ ಮಗು ಅಳು ನಿಲ್ಲಿಸದಿದ್ದರೆ ಏನು ಮಾಡ್ತೀರಿ ಅಂತಾರೆ. ಲಾಳಿಯಕ್ಕ ಮೂರನ್ನೂ ಗಿಣಿಯ ಹಾಗೆ ಒಪ್ಪಿಸಿದಳು. ರಜೆಯ ದಿನ ಮಗಳು ಅಪ್ಪನನ್ನೇ ಸಾಹೇಬನಾಗಿ ಮಾಡಿ ಕುರ್ಚಿಯಲ್ಲಿ ಕೂರಿಸಿದಳು. ಅವನು ಮೀಸೆ ತಿರುವಿ, ಕನ್ನಡಕ ಏರಿಸಿ, ದಿನಪತ್ರಿಕೆ ಕೈಗೆ ತೆಗೆದುಕೊಂಡು ಗಂಭೀರನಾದ. ಅವಳ ಕಣ್ಣು ಆ ಮೀಸೆಯ ಮೇಲೇ ನೆಟ್ಟಿತು.

ಮೀಸೆ ಅಲುಗಿತು. ಮೊದಲನೆಯದು ತಾನೆ ಅಂತ ಅವಳು ಮೊದಲ ಉತ್ತರ ಹೇಳಿದಳು. "ನಮಸ್ಕಾರ ಸಾರ್. ನಾವು ಮನೇಲಿ ಮೂರು ಜನ. ನನಗೆ ಒಬ್ಬಳು ಮಗಳು."

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ಕೇಳಿದ್ದು ಅಳುವ ಮಗುವಿನ ಪ್ರಶ್ನೆ. ಹುಬ್ಬು ಗಂಟಿಕ್ಕಿ ಅದನ್ನೇ ಮತ್ತೊಮ್ಮೆ ಕೇಳಿದ. ಅವಳು ಗಿರಣಿಯ ಉತ್ತರ ಹೇಳಿದಳು. ಈ ಸಲ ಮಗಳು ನಗಲಿಲ್ಲ. ಅವನು ಹೆಂಡತಿಯನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ದಿನಪತ್ರಿಕೆಯನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದ. ಹಾಳೆಯ ಮೇಲೆ ಬರೀ ಎರಡು ಕಣ್ಣು ಕಾಣುತ್ತಿದ್ದವು. ಅವನು ಏನೋ ಕೇಳುತ್ತಿದ್ದಾನೆ ಅಂತ ಆ ಕಣ್ಣಿನಿಂದ ತಿಳಿಯಿತು. ಅವಳು ನಗುಮುಖ ಮಾಡಿ, "ಹೂಂ ಸಾರ್, ಖಂಡಿತ" ಅಂತ ತಲೆ ಆಡಿಸಿದಳು.

ಮಗಳ ಮುಖ ಬಿಳಿಚಿಕೊಂಡಿತು. ಹತ್ತಿರ ಬಂದು ಅಮ್ಮನ ಗಲ್ಲ ಹಿಡಿದಳು. "ಅಮ್ಮ, ಮನೆಗೆ ಬೆಂಕಿ ಬಿದ್ದಿದೆಯಾ ಅಂತ ಕೇಳಿದ್ರು ಅಪ್ಪ."

ಗುಟ್ಟು ರಟ್ಟಾಯಿತು. ಲಾಳಿಯಕ್ಕ ನೆಲ ನೋಡಿಕೊಂಡು ನಿಂತಳು. ತಲೆ ಎತ್ತಿದರೆ ಅವನ ಮುಖದಲ್ಲಿ ಏನು ಕಾಣಬೇಕಾಗುತ್ತದೋ ಅನ್ನುವ ಭಯ. ಅವನು ಎದ್ದು ಬಂದು ಅವಳ ಮುಂದೆ ನಿಂತು ಕೂಗಿದ. ಅಷ್ಟು ಜೋರಾದ ಕೂಗು ಅವಳಿಗೂ ಕೇಳಿಸಿತು.

"ಹಾಗಾದ್ರೆ ಇಷ್ಟು ವರ್ಷ ನಾನು ಯಾರ ಜೊತೆ ಮಾತಾಡ್ತಿದ್ದೆ? ಗೋಡೆಗಾದ್ರೂ ಕಿವಿ ಇರುತ್ತೆ ಅಂತಾರೆ ಕಣೇ!"

ಚಪ್ಪಲಿ ಮೆಟ್ಟಿ ಹೊರಗೆ ಹೋದವನು ಊಟದ ಹೊತ್ತಿಗೆ ಬಂದು ಮಾತಿಲ್ಲದೆ ತಿಂದು ಮಲಗಿದ. ಮರುದಿನ ಬೆಳಿಗ್ಗೆ ಮಾತಿಲ್ಲದೆ ಡ್ಯೂಟಿಗೆ ಹೋದ. ಆ ದಿನವಿಡೀ ಅವಳಿಗೆ ಸೋದರಮಾವ ಕಣ್ಣ ಮುಂದೆ ಬಂದ. ಇನ್ನು ಈ ಮನೆಯಲ್ಲೂ ತನ್ನನ್ನು ಬಿಟ್ಟು ಮಾತಾಡುತ್ತಾರೆ, ತನ್ನ ಮುಂದೆಯೇ ನಗುತ್ತಾರೆ, ಡಿಪೋದಲ್ಲಿ ಇವನ ಹೆಂಡತಿ ಕೆಪ್ಪಿಯಂತೆ ಅಂತ ಗುಲ್ಲಾಗುತ್ತದೆ.

ಸಂಜೆ ಬಾಗಿಲಲ್ಲಿ ಯಾರೋ ಅಪರಿಚಿತ ಗಂಡಸು ನಿಂತಿದ್ದ. ಅವಳು ಹೌಹಾರಿ ಹಿಂದೆ ಸರಿದಳು. ನೋಡಿದರೆ ಗಂಡ. ಮೀಸೆ ಇರಲಿಲ್ಲ. ಅದಿದ್ದ ಜಾಗ ಗಾಯದ ಪಟ್ಟಿ ಬಿಚ್ಚಿದ ಚರ್ಮದ ಹಾಗೆ ಬಿಳಿಚಿಕೊಂಡಿತ್ತು. ಮೇಲ್ದುಟಿ ತೀರಾ ಚಿಕ್ಕದು, ಹುಡುಗರ ತುಟಿಯ ಹಾಗೆ. ಅವನು ನೇರವಾಗಿ ನಡುಮನೆಗೆ ಬಂದು, ಟ್ಯೂಬ್‌ಲೈಟ್ ಹಾಕಿ, ಅದರ ಕೆಳಗೆ ಅಪರಾಧಿಯ ಹಾಗೆ ನಿಂತ.

"ಈಗ ಕಾಣ್ತಿದೆಯಾ?" ಅಂದ.

ಅವನ ಬಾಯಿಂದ ಪೂರ್ತಿ ಕಂಡ ಮೊದಲ ಮಾತು ಅದು. ಲಾಳಿಯಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅವನಿಗೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಅದು ಅಭ್ಯಾಸಬಲದಿಂದ ಮೀಸೆಗೇ ಹೋಗಿ, ಅಲ್ಲಿ ಏನೂ ಸಿಗದೆ ವಾಪಸ್ಸು ಬಂತು.

ಆಮೇಲಿನ ದಿನಗಳಲ್ಲಿ ತಾಲೀಮು ಜೋರಾಗಿ ನಡೆಯಿತು. ಅವನು ಪ್ರಶ್ನೆಗಳನ್ನು ಹಿಂದುಮುಂದು ಮಾಡಿ ಕೇಳಿದ, ತಲೆ ತಗ್ಗಿಸಿ ಕೇಳಿದ, ಚಹಾ ಕುಡಿಯುತ್ತಾ ಕೇಳಿದ. ಅವಳು ಎಲ್ಲಕ್ಕೂ ಸರಿಯಾಗಿ ಉತ್ತರಿಸಿದಳು. ಗಿರಣಿಯ ಮಾತು ನನಗೂ ಕಲಿಸು ಅಂತ ದುಂಬಾಲು ಬಿದ್ದ. ದನಿಯಿಲ್ಲದೆ ತುಟಿ ಆಡಿಸಲು ಹೋಗಿ ನೀರಿನಿಂದ ಹೊರಬಿದ್ದ ಮೀನಿನ ಹಾಗೆ ಬಾಯಿ ಕಳೆದ. ಆಡುವುದಾದರೂ ಹೇಗೋ ಬಂತು, ಅವಳ ತುಟಿ ಓದುವುದು ಮಾತ್ರ ಅವನ ತಲೆಗೆ ಹತ್ತಲೇ ಇಲ್ಲ. ಕಿವುಡನ ಮುಂದೆ ಕಿನ್ನರಿ ಅಂತಾರಲ್ಲ, ಈ ಮನೆಯಲ್ಲಿ ಅದು ತಿರುವುಮುರುವಾಗಿತ್ತು.

ಸಂದರ್ಶನದ ಹಿಂದಿನ ದಿನ ಅವನು ಅವಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದ. "ನೋಡು, ಕೆಲಸ ಕೈಗೆ ಸಿಗೋವರೆಗೂ ಕಿವಿ ವಿಷಯ ಬಾಯಿ ಬಿಡ್ಬೇಡ. ಕುಂಬಳಕಾಯಿ ಕಳ್ಳ ಅಂದ್ರೆ ನೀನಾಗೇ ಹೆಗಲು ಮುಟ್ಟಿ ನೋಡ್ಕೋಬೇಡ. ಸೇರಿದ ಮೇಲೆ ಮುಂದಿಂದು."

"ಮಗು ಅತ್ರೆ ರೀ?"

"ಅಳೋದು ಕಾಣಲ್ವಾ? ಬಾಯಿ ಇಷ್ಟಗಲ ಮಾಡ್ಕೊಂಡು ಅಳ್ತವೆ."

"ನನ್ನ ಬೆನ್ನ ಹಿಂದೆ ಅತ್ರೆ?"

ಅವನು ಮುಖ ಆ ಕಡೆ ತಿರುಗಿಸಿ ಏನೋ ಹೇಳಿದ. ಏನು ಹೇಳಿದನೋ ಅವಳಿಗೆ ಕಾಣಲಿಲ್ಲ. ಮತ್ತೆ ಕೇಳುವ ಧೈರ್ಯವೂ ಅವಳಿಗೆ ಬರಲಿಲ್ಲ.

ಕಚೇರಿಯ ನಾಲ್ಕನೇ ಮಹಡಿಯಲ್ಲಿ ಗೋಡೆಗೆ ಸಾಲಾಗಿ ಕುರ್ಚಿ ಹಾಕಿದ್ದರು. ಗಂಡ ಅವಳನ್ನು ಗೇಟಿನವರೆಗೆ ಬಿಟ್ಟು, ಎದುರಿನ ಬಸ್ ನಿಲ್ದಾಣದಲ್ಲಿ ಕಾಯುತ್ತೇನೆ ಅಂತ ನಿಂತಿದ್ದ. ಹೆಸರು ಕೂಗಿದರೆ ಕೇಳುವುದಿಲ್ಲ ಅನ್ನುವ ಹೆದರಿಕೆಗೆ ಅವಳು ಜವಾನನ ಬಾಯಿಗೆ ನೇರವಾಗಿ ಇರುವ ಕುರ್ಚಿಯನ್ನೇ ಹಿಡಿದು ಕೂತಳು. ಕಣ್ಣು ಮಿಟುಕಿಸುವುದಕ್ಕೂ ಭಯ. ಅಷ್ಟು ಹೊತ್ತು ತನ್ನನ್ನೇ ದಿಟ್ಟಿಸುತ್ತಿರುವ ಹೆಂಗಸನ್ನು ನೋಡಿ ಜವಾನ ಎರಡು ಸಲ ಅಂಗಿಯ ಗುಂಡಿ ಸರಿಮಾಡಿಕೊಂಡ.

ಒಳಗೆ ಕಾಲಿಟ್ಟಾಗ ಮೊದಲು ನೋಡಿದ್ದು ಮೀಸೆ. ಇರಲಿಲ್ಲ! ಬೆಳ್ಳಿ ಕೂದಲಿನ ಮೇಡಂ ಒಬ್ಬರು, ನುಣ್ಣಗೆ ಬೋಳಿಸಿದ ಸಾಹೇಬರೊಬ್ಬರು. ಹೋದ ಜೀವ ಬಂತು ಅನ್ನುವಷ್ಟರಲ್ಲಿ ಮತ್ತೆ ಹೋಯಿತು. ಇಬ್ಬರ ಬೆನ್ನಿಗೂ ದೊಡ್ಡ ಕಿಟಕಿ. ಬಿಸಿಲು ಹಿಂದಿನಿಂದ ಬಂದು ಅವರ ಮುಖಗಳನ್ನು ಕಪ್ಪು ಮಾಡಿತ್ತು. ಮೀಸೆಗೆ ತಯಾರಾಗಿ ಬಂದವಳು ಕಿಟಕಿಗೆ ತಯಾರಾಗಿರಲಿಲ್ಲ. ಮೇಡಮ್ಮಿನ ಮುಖದ ಕಪ್ಪಿನಲ್ಲಿ ಏನೋ ಅಲುಗಿತು. ಆದರೆ ಇಷ್ಟು ವರ್ಷ ಗುಟ್ಟು ಕಾಪಾಡಿದವಳಿಗೆ ಒಂದಿಷ್ಟು ಚಾಲಾಕಿಯೂ ಬಂದಿರುತ್ತದೆ.

"ಬಿಸಿಲು ಕಣ್ಣಿಗೆ ಹೊಡೀತಿದೆ ಮೇಡಂ. ಕುರ್ಚಿ ಸ್ವಲ್ಪ ಈ ಕಡೆ ಹಾಕ್ಕೊಳ್ಳಲಾ?"

ಮೇಜಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. ತುಟಿಗಳು ಕಂಡವು. ಅಲ್ಲಿಂದ ಮುಂದೆ ಎಲ್ಲ ಸಲೀಸಾಗಿ ನಡೆಯಿತು. ಅಳುವ ಮಗುವಿನ ಪ್ರಶ್ನೆಯೂ ಬಂತು. ಎತ್ತಿಕೊಳ್ಳುತ್ತೇನೆ, ಹೊಟ್ಟೆ ಮುಟ್ಟಿ ನೋಡುತ್ತೇನೆ, ಮೈ ಬಿಸಿಯಿದೆಯೇ ನೋಡುತ್ತೇನೆ, ಏನೂ ಇಲ್ಲದಿದ್ದರೆ ಹೆಗಲಿಗೆ ಹಾಕಿಕೊಂಡು ಓಡಾಡುತ್ತೇನೆ ಅಂದಳು. ಮೇಡಂ ಸಾಹೇಬರ ಕಡೆ ನೋಡಿ ನಕ್ಕರು. "ಬನ್ನಿ, ಮಕ್ಕಳ ಕೋಣೆ ತೋರಿಸ್ತೀನಿ" ಅಂತ ಎದ್ದರು.

ಕೋಣೆಯಲ್ಲಿ ಗಿಡ್ಡ ಕಾಲಿನ ತೊಟ್ಟಿಲುಮಂಚಗಳು, ಮರದ ಆಟಿಕೆಗಳು, ಒಗೆದು ಒಗೆದು ಬಣ್ಣ ಮಾಸಿದ ಪರದೆ. ಹಾಲಿನ ವಾಸನೆ. ಲಾಳಿಯಕ್ಕನಿಗೆ ಮೇಡಮ್ಮಿನ ತುಟಿ ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸುವ ಹಾಗಿರಲಿಲ್ಲ. ಮೇಡಂ ಏನೇನೋ ವಿವರಿಸಿ ಕೊನೆಗೆ, "ನಾಡಿದ್ದಿನಿಂದ ಬರೋಕಾಗುತ್ತಾ?" ಅಂದರು.

ಸಿಕ್ಕಿತು! ಅವಳು ಹೂಂ ಅನ್ನಬೇಕು, ಅಷ್ಟರಲ್ಲಿ ಮೇಡಮ್ಮಿನ ಕಣ್ಣು ಅವಳ ಹೆಗಲಾಚೆ ಹೋಯಿತು. ಮೇಡಮ್ಮಿನ ಹಿಂದಿನಿಂದ ಆಯಾ ಒಬ್ಬಳು ಇವಳನ್ನು ತಳ್ಳಿಕೊಂಡೇ ಓಡಿಬಂದಳು. ಲಾಳಿಯಕ್ಕ ತಿರುಗಿ ನೋಡಿದಳು. ಅವಳ ಕಾಲಿನ ಹತ್ತಿರವೇ, ಸೆರಗು ತಾಕುವಷ್ಟು ಹತ್ತಿರ, ಒಂದು ಮಗು ಆಟಿಕೆ ಪೆಟ್ಟಿಗೆಯ ಮುಚ್ಚಳದಲ್ಲಿ ಬೆರಳು ಸಿಕ್ಕಿಸಿಕೊಂಡು ಅಳುತ್ತಿತ್ತು. ಮುಖ ನೀಲಿಯಾಗಿತ್ತು. ಬಾಯಿ ಇಷ್ಟಗಲ ತೆರೆದಿತ್ತು. ಎಷ್ಟು ಹೊತ್ತಿನಿಂದ ಅಳುತ್ತಿತ್ತೋ. ಅವಳು ಅದಕ್ಕೆ ಬೆನ್ನು ಹಾಕಿ ನಗುತ್ತಾ ನಿಂತಿದ್ದಳು.

ಆಯಾ ಮುಚ್ಚಳ ಎತ್ತಿ ಮಗುವನ್ನು ಎದೆಗವಚಿಕೊಂಡಳು. ಬೆರಳು ಕೆಂಪಾಗಿತ್ತು, ಹೆಚ್ಚೇನೂ ಆಗಿರಲಿಲ್ಲ. ಮೇಡಂ ಇವಳ ಭುಜ ಮುಟ್ಟಿ, "ಪರವಾಗಿಲ್ಲ ಬಿಡಿ, ಹೊಸಬರು ಮಗು ಮುಟ್ಟೋಕೆ ಸಂಕೋಚ ಪಟ್ಕೊಳ್ತಾರೆ" ಅಂದರು.

ಯಾರಿಗೂ ಅನುಮಾನ ಬಂದಿರಲಿಲ್ಲ. ಅದೇ ಅವಳನ್ನು ನಡುಗಿಸಿತು. ಇಲ್ಲಿಯವರೆಗೆ ಅವಳಿಗೆ ಸಿಕ್ಕಿಬೀಳುವ ಭಯವಿತ್ತು. ಈಗ ಎಲ್ಲಿ ಸಿಕ್ಕಿಬೀಳದೇ ಹೋಗುತ್ತೇನೋ ಅನ್ನುವ ಭಯ ಹಿಡಿಯಿತು. ಇವತ್ತು ಬೆರಳು. ನಾಳೆ ಏನು? ಅವಳು ಮೇಡಮ್ಮಿನ ಕಡೆ ತಿರುಗಿ, "ನನಗೆ ಕಿವಿ ಕೇಳಲ್ಲ" ಅಂದಳು.

ಮೇಡಂ ಕಣ್ಣು ಕಿರಿದು ಮಾಡಿದರು. "ಏನಂದ್ರಿ?"

ಹೆದರಿಕೆಯಲ್ಲಿ ಅವಳ ಬಾಯಿ ಗಿರಣಿಗೆ ಹೋಗಿಬಿಟ್ಟಿತ್ತು. ತುಟಿ ಆಡಿತ್ತು, ದನಿ ಹೊರಟಿರಲಿಲ್ಲ. ದನಿಯಿಲ್ಲದ ಮಾತು ಆಡಿದ ಹಾಗೂ ಅಲ್ಲ. ಈಗಲೂ ಏನಿಲ್ಲ ಮೇಡಂ ಅಂದು ನಾಡಿದ್ದು ಕೆಲಸಕ್ಕೆ ಬರಬಹುದಿತ್ತು. ಗಂಡನ ಬೋಳು ತುಟಿ ನೆನಪಾಯಿತು. ಮಗಳ ಸಂಭ್ರಮ ನೆನಪಾಯಿತು. ಆಯಾಳ ಹೆಗಲ ಮೇಲೆ ಆ ಮಗು ಇನ್ನೂ ಬಿಕ್ಕುತ್ತಿತ್ತು. ಸದ್ದಿಲ್ಲದೆ, ಗಿರಣಿಯವರ ಹಾಗೆ.

"ನನಗೆ ಕಿವಿ ಕೇಳಲ್ಲ ಮೇಡಂ! ಮುಖ ಕಂಡ್ರೆ ಮಾತ್ರ ಗೊತ್ತಾಗೋದು. ಬೆನ್ನ ಹಿಂದೆ ಮಗು ಅತ್ರೆ ನನಗೆ ತಿಳಿಯಲ್ಲ!"

ದನಿ ಅಳತೆ ಮೀರಿ ಹೊರಟಿತ್ತು. ಮಕ್ಕಳೆಲ್ಲ ಆಟ ಬಿಟ್ಟು ನೋಡಿದವು. ಮೇಡಂ ಅವಳಿಗೆ ಕಾಣುವ ಹಾಗೆ ನಿಧಾನವಾಗಿ ಹೇಳಿದರು. "ಹಾಗಾದ್ರೆ ಈ ಕೆಲಸಕ್ಕೆ ನಿಮ್ಮನ್ನ ತಗೊಳ್ಳೋಕಾಗಲ್ಲಮ್ಮ. ನಿಮಗೂ ಗೊತ್ತು, ಅಲ್ವಾ?"

"ಗೊತ್ತು ಮೇಡಂ."

ಮೆಟ್ಟಿಲು ಇಳಿಯುವಾಗ ಅವಳಿಗೆ ಒಂದೇ ಚಿಂತೆ. ಗಂಡನಿಗೆ ಏನಂತ ಹೇಳುವುದು? ಬಾಯಿ ಬಿಡಬೇಡ ಅಂದಿದ್ದ. ಜೀವಮಾನದ ಮೀಸೆಯನ್ನು ಇದೊಂದು ಕೆಲಸಕ್ಕಾಗಿ ತೆಗೆದಿದ್ದ. ಗೇಟಿನ ಹತ್ತಿರ ಬಂದಾಗ ರಸ್ತೆಯ ಆಚೆ ಅವನು ಕಂಡ. ನಡುವೆ ಬಸ್ಸು, ಲಾರಿ, ಹಾರನ್ನು. ಅವನು ಕೂಗಲಿಲ್ಲ. ಕೈ ಎತ್ತಿ, ತುಟಿಯನ್ನು ಅಗಲವಾಗಿ ಆಡಿಸಿ, ದನಿಯಿಲ್ಲದೆ ಕೇಳಿದ.

ಏನಾಯ್ತು?

ಅಷ್ಟು ದೂರದಿಂದಲೂ ಸ್ಪಷ್ಟವಾಗಿ ಕಂಡಿತು. ಅವಳು ಅಲ್ಲೇ ನಿಂತು, ಅವನ ಹತ್ತಿರ ಹೋಗಿ ಹೇಳುವ ಧೈರ್ಯವಿಲ್ಲದೆ, ಗಿರಣಿಯ ಮಾತಿನಲ್ಲೇ ಎಲ್ಲ ಹೇಳಿಬಿಟ್ಟಳು. ಕೆಲಸ ಸಿಕ್ಕಿತ್ತು ರೀ. ನಾನೇ ಹೇಳ್ಬಿಟ್ಟೆ. ಮಗು ನನ್ನ ಕಾಲ ಹತ್ರಾನೇ ಅಳ್ತಿತ್ತು, ನನಗೆ ಗೊತ್ತಾಗ್ಲಿಲ್ಲ. ನಿಮ್ಮ ಮೀಸೆ ದಂಡ ಆಯ್ತು. ನನ್ನ ಮೇಲೆ ಸಿಟ್ಟು ಮಾಡ್ಕೋಬೇಡಿ.

ಅವನು ಕಣ್ಣು ಅರಳಿಸಿ ಎಲ್ಲವನ್ನೂ ನೋಡಿದ. ಆಮೇಲೆ ನಗುಮುಖ ಮಾಡಿ, ಹೂಂ ಹೂಂ ಅಂತ ಜೋರಾಗಿ ತಲೆ ಆಡಿಸಿದ.

ಲಾಳಿಯಕ್ಕ ಆ ತಲೆಯಾಟವನ್ನು ನೋಡಿದಳು. ಒಂದಕ್ಷರವೂ ತಿಳಿಯದೆ, ತಿಳಿಯಲಿಲ್ಲ ಅನ್ನುವುದಕ್ಕೆ ಹೆದರಿ ಆಡಿಸುವ ತಲೆ ಅದು. ಅವಳ ಸ್ವಂತದ್ದು. ಇಷ್ಟು ವರ್ಷ ಅವನಿಗೆ ಅವಳು ಕೊಟ್ಟದ್ದು ಅದನ್ನೇ. ಅವಳಿಗೆ ನಗು ಬಂತು, ಅದರ ಜೊತೆಗೇ ಅಳುವೂ ಬಂತು.

ರಸ್ತೆ ದಾಟಿ ಅವನ ಮುಂದೆ ಹೋಗಿ ನಿಂತಳು. ಎಲ್ಲವನ್ನೂ ದನಿ ತೆಗೆದು ಮೊದಲಿನಿಂದ ಹೇಳಿದಳು. ಅವನ ಮುಖದಿಂದ ನಗು ಮೆಲ್ಲಗೆ ಇಳಿಯಿತು. ಕೈ ಮತ್ತೆ ಇಲ್ಲದ ಮೀಸೆಗೆ ಹೋಯಿತು. ಅವಳು ಅವನ ತುಟಿಯನ್ನೇ ನೋಡಿದಳು.

"ಮಗುಗೆ ಜಾಸ್ತಿ ಏನೂ ಆಗಿಲ್ಲ ತಾನೆ?" ಅಂದ.

"ಇಲ್ಲ."

"ಸರಿ ಬಿಡು. ಇನ್ನೊಂದು ಕೆಲಸ ನೋಡೋಣ. ಮೀಸೆ ಏನು, ಬೆಳೆಯುತ್ತೆ."

ಇಷ್ಟು ವರ್ಷದಲ್ಲಿ ಅವನ ಮಾತಿಗೆ ಎದುರು ಹೇಳಿದವಳಲ್ಲ ಅವಳು. ಬಸ್ಸು ಬಂದು ನಿಂತಿತು, ಜನ ನುಗ್ಗಿದರು. ಅವಳು ಅವನ ತೋಳು ಹಿಡಿದುಕೊಂಡಳು.

"ಬೇಡ ರೀ," ಅಂದಳು. "ಮತ್ತೆ ಮೀಸೆ ಬಿಡ್ಬೇಡಿ."